ಹುಂಜ ಕೂಗಿದ ಮೇಲೆ

ಉಪ್ಪುಪಟ್ಟಿ,
ಕಡಲು ಎರಡನೆಯ ಗುಡ್ಡ ಹತ್ತಿದ ವರ್ಷ, ಹದಿನಾಲ್ಕನೆಯ ತಿಂಗಳ ನಲವತ್ತನೆಯ ದಿನ.

ನಮಗಿಂತ ಮುಂಚೆ ಬಾಳಿದ ವಿಶ್ವಾಸಿಗಳಿಗೆ ನಿಮ್ಮ ಮರಿಮಕ್ಕಳ ಮರಿಮಗ ಯೋತಾಮ ಕರ್ತನ ಹೆಸರಿನಲ್ಲಿ ಮಾಡುವ ವಂದನೆ. ತಾರೀಖು ನೋಡಿ ನಗಬೇಡಿ. ಭಾನುವಾರ ಯಾವತ್ತೆಂದು ನಮಗೆ ತಿಳಿಯಬಾರದೆಂದು ನಮ್ಮನ್ನಾಳುವ ಒಡೆಯರ ಕಚೇರಿ ಪಂಚಾಂಗವನ್ನೇ ತಿದ್ದಿದೆ. ಹಾಗಾಗಿ ಅನುಮಾನ ಬಂದ ದಿನವೆಲ್ಲ ನಾವು ಆರಾಧನೆ ಮಾಡುತ್ತೇವೆ. ನಷ್ಟ ಅವರಿಗೇ. ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ, ಉಪ್ಪು ಕೆರೆಯುವವರ ನಾಲಿಗೆ ದಪ್ಪ.

ಉಪ್ಪುಪಟ್ಟಿಯೆಂದರೆ ನಿಮ್ಮ ಮಂಗಳೂರು ಮುಳುಗಿದ ಮೇಲೆ ಉಳಿದ ದಂಡೆ. ಯೇಸುವಿನ ಹೆಸರು ಬಿಡದವರನ್ನು ತಂದು ಹಾಕುವ ಜಾಗ. ಬೆಳಿಗ್ಗೆ ಮೊಣಕಾಲುದ್ದದ ಉಪ್ಪುನೀರಿಗೆ ಇಳಿದರೆ ಹತ್ತುವುದು ಸಂಜೆಗೆ. ಸಿಹಿನೀರು ದಿನಕ್ಕೆ ಒಂದು ತೆಂಗಿನಚಿಪ್ಪು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ನಿಮ್ಮ ಗಾದೆ ಕಚೇರಿಯವರ ಕಿವಿಗೆ ಬಿದ್ದಿಲ್ಲ. ನಿಮ್ಮದು ಒಳ್ಳೆಯ ಕಾಲ, ನಮ್ಮದು ಕಾಲೂ ಒಳ್ಳೆಯದಲ್ಲ. ಬೆರಳುಗಳ ನಡುವೆ ಚರ್ಮ ಸೀಳಿ ಉಪ್ಪು ಮನೆ ಮಾಡಿರುತ್ತದೆ. ಉಪ್ಪಿನಕಾಯಿಯನ್ನು ನೀವು ಭರಣಿಯಲ್ಲಿ ಇಡುತ್ತಿದ್ದಿರಂತೆ. ಇಲ್ಲಿ ಉಪ್ಪಿನ ಕಾಯಗಳು ನಡೆದಾಡುತ್ತವೆ.

ಪಟ್ಟಿಯ ನಡುವೆ ಒಂದು ಕಂಬವಿದೆ. ಅದರ ಮುಂದೆ ನಿಂತು, ಯೇಸುವನ್ನು ನಾನರಿಯೆ ಎಂದರೆ ಸಾಕು. ಇದಕ್ಕೆ ಬಿಡುಮಾತು ಎನ್ನುತ್ತೇವೆ. ಆಡಿದವರಿಗೆ ಒಂದು ಕೊಡ ಸಿಹಿನೀರು, ನೆರಳಿನಲ್ಲಿ ಕೆಲಸ. ಆಗಲೇ ಕಂಬದ ತುದಿಯಿಂದ ಹುಂಜ ಕೂಗುತ್ತದೆ. ಹುಂಜವೆಂದರೆ ಹುಂಜವಲ್ಲ, ಯಾವ ಕಾಲದಲ್ಲೋ ಹಿಡಿದಿಟ್ಟ ಅದರ ದನಿ. ಅದೂ ನಡುವಿನಲ್ಲೇ ಕಡಿದುಹೋಗುತ್ತದೆ. ಕೋಳಿಗಳ ವಂಶ ಅಳಿದು ತಲೆಮಾರುಗಳಾದವು. ಹುಂಜವೆಂದರೆ ಯಾರೋ ದೊಡ್ಡ ಅಧಿಕಾರಿಯೆಂದೇ ನಮ್ಮ ಮಕ್ಕಳು ನಂಬಿದ್ದಾರೆ. ಕರ್ತನನ್ನು ಅರಿಯೆನೆಂದು ಮೂರು ಸಲ ಹೇಳಿ, ಹುಂಜ ಕೂಗಿದಾಗ ಅತ್ತ ಪೇತ್ರನ ಕಥೆ ಓದಿದವನೊಬ್ಬ ಕಚೇರಿಯಲ್ಲಿ ಇರಲೇಬೇಕು. ಗೇಲಿಗಾಗಿ ಓದುವವನ ಶ್ರದ್ಧೆ ಭಕ್ತನಿಗೆ ಎಲ್ಲಿ ಬರಬೇಕು.

ನಮ್ಮ ಸಭಾಪಾಲಕರು ಹನನ್ಯ ಅಯ್ಯನವರು. ಹುಂಜ ಕೂಗಿದೊಡನೆ ನಾವೆಲ್ಲ ನಮ್ಮ ಬಿಡಾರದ ಗೋಡೆಗೆ ಮುಖ ಮಾಡಬೇಕೆಂಬುದು ಅವರ ಕಟ್ಟಳೆ. ಬಿಡುಮಾತು ಆಡಿದವನಿಗೆ ಗಂಜಿಯಿಲ್ಲ, ವಂದನೆಯಿಲ್ಲ. ಅಂಥವರಲ್ಲಿ ಹೆಚ್ಚಿನವರು ನೆರಳಿನ ಕೆಲಸಕ್ಕೂ ಹೋಗದೆ ನೇರ ಕಡಲಿಗೆ ನಡೆದುಬಿಡುತ್ತಿದ್ದರು. ಕಚೇರಿ ಅರ್ಧ ಮಾಡಿದ ಕೆಲಸವನ್ನು ಸಭೆ ಪೂರ್ತಿ ಮಾಡುತ್ತಿತ್ತು, ಅದೂ ಕೂಲಿಯಿಲ್ಲದೆ.

ಪೆರ್ಸಿಸಕ್ಕನ ಮಗುವಿಗೆ ಜ್ವರ ಬಂದಾಗ ಅವಳ ಗಂಡ ಸೀಲ ಕಂಬದ ಮುಂದೆ ನಿಂತ. ಹುಂಜ ಕೂಗಿತು. ನೀರಿನ ಕೊಡ ಹೊತ್ತು ಅವನು ಬಾಗಿಲಿಗೆ ಬಂದಾಗ ನಮ್ಮ ಮುಖ ಗೋಡೆಗಿತ್ತು. ಪೆರ್ಸಿಸಕ್ಕನೊಬ್ಬಳೇ ತಿರುಗಿ ಕೈ ಚಾಚಿದಳು. ಅಯ್ಯನವರು ನಡುವೆ ಬಂದು, ಕೊಡವನ್ನು ಕಸಿದು, ಅಷ್ಟನ್ನೂ ಹೊರಗೆ ಚೆಲ್ಲಿದರು. ಮರಳು ಕುಡಿಯಿತು, ಮರಳಿಗೆ ಸಭೆಯ ಕಟ್ಟಳೆಯಿಲ್ಲ. ಸೀಲ ಕಡಲಿಗೆ ನಡೆದ. ಮಗು ಬೆಳಗಾಗುವುದರೊಳಗೆ ತೀರಿಕೊಂಡಿತು. ಶವಸಂಸ್ಕಾರದಲ್ಲಿ ಅಯ್ಯನವರು ಬಹಳ ಚೆನ್ನಾಗಿ ಮಾತಾಡಿದರು.

ಕೆಲವು ಮಳೆಗಾಲ ಕಳೆದ ಮೇಲೆ ಕಚೇರಿಯವರು ಅಯ್ಯನವರನ್ನೇ ಸೊಂಟದವರೆಗೆ ಉಪ್ಪಿನ ಗುಂಡಿಯಲ್ಲಿ ನಿಲ್ಲಿಸಿದರು. ಚರ್ಮ ಸುಲಿಯತೊಡಗಿದಾಗ ಅವರೂ ಬಿಡುಮಾತು ಆಡಿದರು. ಹುಂಜ ಕೂಗಿತು. ಅವರು ತಮ್ಮ ಕೊಡ ಹೊತ್ತು ನಮ್ಮ ಬಾಗಿಲಿಗೆ ಬಂದರು. ಅವರೇ ಕಲಿಸಿದ್ದಂತೆ ನಾವು ಗೋಡೆಗೆ ತಿರುಗಿದೆವು. ಪೆರ್ಸಿಸಕ್ಕ ಎದ್ದ ಸದ್ದು ಕೇಳಿಸಿತು. ಇನ್ನು ನೀರು ಚೆಲ್ಲುವ ಸದ್ದಿಗಾಗಿ ಎಲ್ಲರ ಕಿವಿ ಕಾಯುತ್ತಿತ್ತು. ಕೆಲವರ ಕಿವಿ ಆಸೆಯಿಂದಲೇ.

"ಎಂತ ಅಯ್ಯನವರೇ, ನಿಮಗೂ ಕೂಗಿತಾ?" ಎಂದಳು. "ಬಾಗಿಲು ಕಾಯ್ಲಿಕ್ಕೆ ನಮ್ಮಲ್ಲಿ ಸಂಬಳ ಇಲ್ಲ ಮಾರಾಯ್ರೇ. ಒಳಗೆ ಬಂದು ಕೂತ್ಕೊಳ್ಳಿ."

ಕೊಡ ಇಳಿಸಿ, ಮೊದಲ ಚಿಪ್ಪು ನೀರನ್ನು ಅವರಿಗೇ ಕುಡಿಸಿದಳು. ಆಮೇಲೆ ಎದುರಿಗೆ ಕುಳಿತಳು.

"ಪೇತ್ರನ ಕಥೆ ನೀವು ಯಾವಾಗ್ಲೂ ಹುಂಜದ ಹತ್ರ ನಿಲ್ಲಿಸ್ತಿದ್ರಿ. ಮುಂದಿನದ್ದು ಈಗ ಹೇಳಿ. ನಮ್ಮ ಸೀಲನಿಗೆ ಕೇಳ್ಲಿಕ್ಕೆ ಸಿಗ್ಲಿಲ್ಲ."

ಅಯ್ಯನವರು ಹೇಳಿದರು: ಪೇತ್ರ ಬೀಳುವನೆಂದು ಕರ್ತನಿಗೆ ಮೊದಲೇ ಗೊತ್ತಿದ್ದದ್ದನ್ನು, ತಿರುಗಿ ಬಂದ ಮೇಲೆ ಉಳಿದವರಿಗೆ ಊರುಗೋಲಾಗು ಎಂದದ್ದನ್ನು, ಕಡಲ ದಂಡೆಯಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಅವನನ್ನೂ ಊಟಕ್ಕೆ ಕರೆದದ್ದನ್ನು. ತಡವರಿಸಿದ ಕಡೆಯೆಲ್ಲ ಅವಳು ಮತ್ತೊಮ್ಮೆ ಹೇಳಿಸಿದಳು. ನಾವು ಒಬ್ಬೊಬ್ಬರಾಗಿ ಗೋಡೆಯಿಂದ ತಿರುಗಿದೆವು. ಪೆರ್ಸಿಸಕ್ಕ ಅವರನ್ನು ಕ್ಷಮಿಸಿದಳೆಂದು ಬರೆಯಲು ನನಗೆ ಆಸೆ. ಅವಳು ಹಾಗೇನೂ ಹೇಳಲಿಲ್ಲ. ನೀರು ಕೊಟ್ಟಳು, ಅಷ್ಟೇ.

ಮರುದಿನ ಅಯ್ಯನವರು ಕಂಬದ ಮುಂದೆ ನಿಂತು, ಯೇಸುವನ್ನು ನಾನು ಬಲ್ಲೆ ಎಂದು ಹೇಳಿ ಬಂದರು. ಅಂದಿನಿಂದ ಹುಂಜ ಕೂಗಿದಾಗಲೆಲ್ಲ ಆ ಸುಲಿದ ಕಾಲುಗಳಲ್ಲಿ ಓಡಿ, ಬಿದ್ದವನು ಕಡಲು ಮುಟ್ಟುವ ಮೊದಲೇ ಅವನ ಕೈ ಹಿಡಿಯುತ್ತಿದ್ದರು. ಹಿಂದೆಯೇ ನಾವೂ ಗಂಜಿ ಹಿಡಿದು ಓಡುತ್ತಿದ್ದೆವು. ಮರಳಿ ಬಂದವರು ಹೆಚ್ಚಿದರು. ತನ್ನ ಗೇಲಿ ನಮ್ಮ ಆಲಯದ ಗಂಟೆಯಾದದ್ದು ತಿಳಿದು ಕಚೇರಿ ಹುಂಜದ ಬಾಯಿ ಮುಚ್ಚಿಸಿತು. ಬಿದ್ದವರು ಮತ್ತೆ ಯಾರಿಗೂ ತಿಳಿಯದೆ ಮುಳುಗತೊಡಗಿದರು. ಆಗ ಅಯ್ಯನವರು ಕಂಬದ ಬುಡದಲ್ಲೇ ಕುಳಿತು, ಬಿಡುಮಾತು ಕೇಳಿಸಿದೊಡನೆ ತಾವೇ ಹುಂಜದಂತೆ ಕೂಗತೊಡಗಿದರು. ಪೀಠದಿಂದ ಅಷ್ಟು ಗಂಭೀರವಾಗಿ ಮಾತಾಡಿದ ಮುದುಕ ಕತ್ತು ಚಾಚಿ ಕೂಗುವುದನ್ನು ನೋಡಿ ಕಾವಲಿನವರು ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ನಾಲಿಗೆ ಕತ್ತರಿಸಿದರು. ಗಾಯಕ್ಕೆ ಉಪ್ಪು ಹಾಕಿದರು. ಅದೊಂದಕ್ಕೆ ಇಲ್ಲಿ ಬರವಿಲ್ಲ. ಅವರು ಪೆರ್ಸಿಸಕ್ಕನ ಮಡಿಲಲ್ಲಿ ತೀರಿಕೊಂಡರು. ಈಗ ಕಂಬದ ಬುಡದಲ್ಲಿ ಅವಳೇ ಕೂರುತ್ತಾಳೆ.

ನಿಮ್ಮಲ್ಲಿ ಒಂದು ಕೋರಿಕೆ. ನಾವು ಕೂಗಲು ಕಲಿತದ್ದು ಕಂಬದಿಂದ. ಹಾಗಾಗಿ ಅದರ ದನಿ ಕಡಿದಲ್ಲಿಯೇ ನಾವೂ ನಿಲ್ಲಿಸುತ್ತೇವೆ. ಕೊನೆ ಹೇಗಿರುತ್ತದೋ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಹಿತ್ತಲಿನಲ್ಲಿ ನಿಜವಾದ ಹುಂಜವಿದೆ. ನಾಳೆ ಅದರ ಕೂಗನ್ನು ಕೊನೆಯವರೆಗೆ ಕೇಳಿ. ಆಮೇಲೆ ಎದ್ದು ಹೋಗಿ, ನಿಮ್ಮ ಆಲಯದ ಬಾಗಿಲ ಹೊರಗೆ ಯಾರನ್ನು ನಿಲ್ಲಿಸಿದ್ದೀರಿ ನೋಡಿ. ಗೋಡೆಗೆ ತಿರುಗುವುದನ್ನು ಹನನ್ಯ ಅಯ್ಯನವರು ತಾವಾಗಿ ಕಂಡುಹಿಡಿದದ್ದಲ್ಲ. ಅದು ಹಿರಿಯರಿಂದ ಬಂದದ್ದೆಂದು ಹೇಳುತ್ತಿದ್ದರು. ಆ ಹಿರಿಯರು ನೀವು.

ಇಗೋ, ಪೆರ್ಸಿಸಕ್ಕ ಕೂಗಿದಳು. ಯಾರೋ ಬಿದ್ದಿದ್ದಾರೆ. ಕಾಲು ಉಳಿದಷ್ಟು ಓಡುತ್ತೇನೆ.