ತೀರಿಕೊಂಡ ಮೇಲಿನ ಹಾಜರಿ

ಮಾನ್ಯ ಕುಲಪತಿಗಳೇ,

ನನ್ನ ದೊಡ್ಡ ಮಗಳು ಕಳೆದ ತಿಂಗಳು ಮೂರನೇ ತಾರೀಖು ತೀರಿಕೊಂಡಳು. ನಿಮ್ಮ ವಿಶ್ವವಿದ್ಯಾಲಯದಲ್ಲಿ ಮಾತ್ರ ನಾನೇ ಬಂದು ತಿಳಿಸಿದ ಇಪ್ಪತ್ತೊಂದರವರೆಗೂ ತಪ್ಪದೆ ತರಗತಿಗೆ ಬಂದಿದ್ದಾಳೆ. ಹಾಜರಿ ಪುಸ್ತಕ ಹಾಗೆನ್ನುತ್ತದೆ. ಕೆಳಗೆ ವಿಭಾಗದ ಮುಖ್ಯಸ್ಥರ ಸಹಿಯೂ ಇದೆ. ಹದಿನೆಂಟು ದಿನ ನಮ್ಮ ಮನೆಯಲ್ಲಿ ಇಲ್ಲದವಳು ನಿಮ್ಮಲ್ಲಿ ಇದ್ದಳಲ್ಲ, ಹೇಗಿದ್ದಳು ಸ್ವಾಮಿ? ಏನಾದರೂ ಮಾತಾಡಿದಳೇ?

ನಾನು ಹೆಚ್ಚು ಓದಿದವನಲ್ಲ, ಶಾಲಾ ವ್ಯಾನ್ ಓಡಿಸುತ್ತೇನೆ. ಒಂದು ಮಗು ಗೇಟಿನ ಬಳಿ ಕಾಣದಿದ್ದರೆ ಹಾರ್ನ್ ಹೊಡೆದು ಕಾಯುತ್ತೇನೆ, ಇಳಿದು ಹೋಗಿ ಕೇಳುತ್ತೇನೆ. ಇದನ್ನು ನನಗೆ ಯಾರೂ ಪಾಠ ಹೇಳಿ ಕಲಿಸಲಿಲ್ಲ.

ಮೊದಲ ವರ್ಷ ಅವಳಿಗೆ ಪಾಠ ಮಾಡಿದವರು ಒಬ್ಬ ತಾತ್ಕಾಲಿಕ ಉಪನ್ಯಾಸಕಿ. "ಇವತ್ತು ಯಾರು ಬಂದಿಲ್ಲ? ಯಾಕೆ ಅಂತ ಯಾರಿಗೆ ಗೊತ್ತು?" ಎಂದೇ ಅವರ ದಿನ ಶುರು. ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕೂರುವವರು ಅಲ್ಲೇ ಫೋನ್ ಮಾಡಬೇಕು. ಒಮ್ಮೆ ಮಗಳಿಗೆ ಹಲ್ಲುನೋವು. ಆ ಒಂದು ದಿನಕ್ಕೆ ನಾಲ್ಕು ಫೋನ್ ಬಂದವು. "ಅಪ್ಪಾ, ನಾನಿಲ್ದಿದ್ರೆ ಅಲ್ಲಿ ಕ್ಲಾಸೇ ನಡೆಯಲ್ಲ ನೋಡು!" ಎಂದು ಊದಿಕೊಂಡ ಕೆನ್ನೆಯಲ್ಲೇ ಜಂಬ ಕೊಚ್ಚಿಕೊಂಡಳು. ತರಗತಿಯಲ್ಲಿ ಗಲಾಟೆ, ಶಿಸ್ತಿಲ್ಲ ಎಂಬ ಕಾರಣಕ್ಕೆ ಆ ಉಪನ್ಯಾಸಕಿಯನ್ನು ನೀವು ಮುಂದುವರಿಸಲಿಲ್ಲ.

ಎರಡನೇ ವರ್ಷ ಮುಖ್ಯಸ್ಥರೇ ಬಂದರು. ಶಿಸ್ತೂ ಬಂತು, ಸೂಜಿ ಬಿದ್ದರೆ ಕೇಳಿಸುವಷ್ಟು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಕೊಠಡಿಗೆ ಹಂಚಿದರು, ಗೆಳತಿಯರು ದೂರವಾದರು. ಅವರು ಹಾಜರಿ ಕರೆಯುವುದಿಲ್ಲ. ತರಗತಿಯ ಪ್ರತಿನಿಧಿ ಗುರುತು ಹಾಕಿ ತರಬೇಕು, ಅವರು ಸಹಿ ಹಾಕುತ್ತಾರೆ. ಯಾರಾದರೂ ಗೈರಾಗಿದ್ದರೆ ಬೈಗುಳ ಪ್ರತಿನಿಧಿಗೆ. ಆ ಹುಡುಗಿ ನನ್ನೆದುರು ಅತ್ತಳು. "ಎಲ್ರಿಗೂ ಹಾಕಿಬಿಡ್ತೀನಿ ಅಂಕಲ್. ಅವಳು ಬರ್ತಿಲ್ಲ ಅಂತ ಗೊತ್ತಿತ್ತು. ಹೋಗ್ಬಿಟ್ಲು ಅಂತ ಗೊತ್ತಿರ್ಲಿಲ್ಲ. ಯಾರನ್ನ ಕೇಳೋದು? ನಾವ್ಯಾರೂ ಒಬ್ರಿಗೊಬ್ರು ಮಾತೇ ಆಡಲ್ಲ." ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೆದರಿದವರ ಕೈಯಲ್ಲಿ ಪುಸ್ತಕ ಕೊಟ್ಟರೆ ಅವರು ಇನ್ನೇನು ಬರೆದಾರು?

ಒಂದು ಬೆಳಿಗ್ಗೆ ಚೀಲ ಹೆಗಲಿಗೇರಿಸುತ್ತಾ ಮಗಳು ಅಂದಿದ್ದಳು, "ನಾನು ಹೋದ್ರೂ ಒಂದೇ, ಬಿಟ್ರೂ ಒಂದೇ ಅಪ್ಪ." "ಓದೋಕೆ ಹೋಗ್ತೀಯೋ, ನೆಂಟಸ್ತಿಕೆ ಮಾಡೋಕೋ?" ಎಂದು ನಾನು ನಕ್ಕೆ. ಆ ನಗೆಯನ್ನು ತಾರೀಖಿನ ಸಮೇತ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಆಮೇಲೆ ಜ್ವರ ಬಂತು. ಆರು ದಿನ ಆಸ್ಪತ್ರೆ. ಫೋನು ದಿಂಬಿನ ಪಕ್ಕದಲ್ಲೇ ಇತ್ತು. ವಿಶ್ವವಿದ್ಯಾಲಯದಿಂದ ಒಂದು ಕರೆಯೂ ಬರಲಿಲ್ಲ. ಬಂದಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ಅವಳು ಎಷ್ಟು ಸಲ ಆ ಫೋನನ್ನು ಎತ್ತಿ ನೋಡಿ ಇಟ್ಟಳು ಎಂಬುದನ್ನು ಮಾತ್ರ ಬಲ್ಲೆ.

ಪುಸ್ತಕ ತಿದ್ದಿಸಲು ಕಚೇರಿಗೆ ಹೋದೆ. "ಹಾಜರಿ ಕಮ್ಮಿ ಇದ್ರೆ ತಾನೇ ತೊಂದ್ರೆ ಯಜಮಾನ್ರೇ? ನಿಮ್ದು ಜಾಸ್ತಿನೇ ಇದೆಯಲ್ಲ" ಎಂದರು ಗುಮಾಸ್ತರು. ಸಹಿಯಾದದ್ದನ್ನು ತಿದ್ದುವಂತಿಲ್ಲವಂತೆ.

ನಾನು ಪರಿಹಾರ ಕೇಳುತ್ತಿಲ್ಲ. ಆ ಸುಳ್ಳು ಗುರುತುಗಳನ್ನು ಮುಖ್ಯಸ್ಥರ ಕೈಯಿಂದಲೇ ಹೊಡೆದುಹಾಕಿಸಿ. ಒಂದು ದಿನ ಅವರು ತಲೆಯೆತ್ತಿ, ಒಬ್ಬೊಬ್ಬರ ಮುಖ ನೋಡಿ, ಹೆಸರು ಕರೆಯಲಿ. ನನ್ನ ಮಗಳ ಹೆಸರನ್ನೂ ಕರೆಯಲಿ. ಯಾರೂ ಓಗೊಡದೆ ಆ ಕೊಠಡಿ ಎಷ್ಟು ಹೊತ್ತು ಸುಮ್ಮನಿರುತ್ತದೋ ಅಷ್ಟು ಹೊತ್ತು ಅವರೂ ನಿಂತಿರಲಿ. ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡು ಹೋಗುತ್ತೇನೆ.

ಇಂತಿ,
ಮಗಳಿಗೆ ಗೈರುಹಾಜರಿ ಬೇಡುತ್ತಿರುವ ತಂದೆ