ಗಾಡಿಯಲ್ಲಿ ಉಳಿದ ಮದ್ದು

ಇಂಜಿನಿಯರುಗಳ ವಸತಿ, ಉತ್ತರ ಗಣಿ,
ಪೂರ್ವ ಕಲಿಮಂತಾನ್.
ರಂಜಾನಿನ ಹತ್ತೊಂಬತ್ತನೇ ದಿನ

ಮಸ್ರಾನಿಗೆ,

ಪ್ರೀತಿಯ ಎಂದು ಬರೆಯಲು ಕೈ ಏಳಲಿಲ್ಲ. ಕ್ಷೇಮವೇ ಎಂದೂ ಕೇಳುವುದಿಲ್ಲ. ನೀನು ಕ್ಷೇಮವಾಗಿಯೇ ಇದ್ದೀಯ, ನನ್ನ ಹೊಟ್ಟೆಯುರಿಯೇ ಅದು. ಫೋನ್ ಮಾಡಿದರೆ ಎತ್ತುವುದಿಲ್ಲ, ಎದುರು ಸಿಕ್ಕರೆ ನೆಲ ನೋಡಿಕೊಂಡು ಪಕ್ಕಕ್ಕೆ ಸರಿಯುತ್ತೀಯ. ಹಾಗಾಗಿ ಈ ಕಾಗದವನ್ನು ಊಟದ ಗಾಡಿಯವನ ಕೈಯಲ್ಲಿ ನಿಮ್ಮ ಶೆಡ್ಡಿಗೆ ಕಳಿಸುತ್ತಿದ್ದೇನೆ. ನಿನ್ನ ಹುಡುಗರ ಮುಂದೆಯೇ ಓದು, ನನಗೇನೂ ನಾಚಿಕೆಯಿಲ್ಲ.

ನಿನ್ನೆ ಗಣಿಯ ಮುಖ್ಯಸ್ಥರ ಮುಂದೆ ನೀನು ಹೇಳಿದ್ದು ನನ್ನ ಕಿವಿಗೆ ಬಿತ್ತು. “ನಕ್ಷೆನೇ ತಪ್ಪು ಸಾರ್. ಮುಂದಿನ ಸಾಲಿನ ಕುಳಿಗಳನ್ನ ಹೊಂಡದ ಅಂಚಿಗೆ ತೀರಾ ಹತ್ರ ತಂದುಬಿಟ್ಟಿದ್ರು, ಅದಕ್ಕೇ ಕಲ್ಲು ಹಾರಿದ್ದು. ನಮ್ಮದೇನಿದೆ, ಅವ್ರು ಚುಕ್ಕಿ ಇಟ್ಟ ಕಡೆ ಸಿಡಿಮದ್ದು ತುಂಬೋದು, ಅಷ್ಟೆ.” ಹೀಗಂದೆಯಂತೆ. ಗೂಬೆ ಕೂರಿಸಲು ನಿನಗೆ ನನ್ನ ತಲೆಯೇ ಬೇಕಾಯಿತೇ? ಒಂದೇ ಸೂರಿನ ಕೆಳಗಿದ್ದಾಗಲೂ ನನ್ನ ಕೆಲಸವನ್ನು ನೀನು ಒಳ್ಳೆಯ ಮಾತಿನಲ್ಲಿ ನೆನೆದವನಲ್ಲ. ಆದರೆ ಸುಳ್ಳು ಹೇಳುತ್ತಿರಲಿಲ್ಲ.

ಗುರುವಾರ ಸಮರಿಂಡಾದಿಂದ ಗಣಿ ಇಲಾಖೆಯವರು ವಿಚಾರಣೆಗೆ ಬರುತ್ತಾರೆ. ನಕ್ಷೆ ತಪ್ಪು ಎಂದು ಅವರು ಬರೆದರೆ ಈ ದ್ವೀಪದ ಯಾವ ಗಣಿಯಲ್ಲೂ ನನಗೆ ಮತ್ತೆ ಪೆನ್ಸಿಲ್ ಮುಟ್ಟಲು ಬಿಡುವುದಿಲ್ಲ. ಗಂಡಸರೇ ತುಂಬಿದ ಈ ಕೆಲಸದಲ್ಲಿ ಕಡಲಾಚೆಯ ಬುಗಿಸ್ ಜನದ ಒಬ್ಬ ಹೆಂಗಸು ಇಷ್ಟು ದೂರ ಬರಲು ಏನೇನು ನುಂಗಿಕೊಂಡಳು ಎಂಬುದು ನಿನಗೆ ಗೊತ್ತು. ಗೊತ್ತಿದ್ದೂ ಮಾಡಿದೆ.

ಆಸ್ಪತ್ರೆಗೆ ಹೋಗಿದ್ದೆಯಾ? ನಾನು ಹೋಗಿದ್ದೆ. ನಿಮ್ಮೂರಿನ ಜಮ್ರಾ ಅಜ್ಜಿಯ ಬಲಗೈ ಮೊಣಕೈವರೆಗೂ ಸುಟ್ಟಿದೆ. ಸ್ಫೋಟವಾದ ಆ ಸಂಜೆ ಇಫ್ತಾರಿಗೆಂದು ಬಾಳೆಹಣ್ಣು ಕರಿಯುತ್ತಿದ್ದಳು. ತೆಂಗಿನಕಾಯಿ ಗಾತ್ರದ ಕಲ್ಲು ಸೂರಿನ ತಗಡು ತೂತು ಮಾಡಿಕೊಂಡು ನೇರ ಕಾದ ಎಣ್ಣೆಯ ಬಾಣಲೆಗೆ ಬಿತ್ತು. ಚಿಕ್ಕಂದಿನಲ್ಲಿ ನಿನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕುರಾನಿನ ಅಕ್ಷರ ತೋರಿಸಿದ್ದು ಆ ಕೈಯೇ. “ಮಸ್ರಾನಿ ಬಂದ್ನೇನವ್ವಾ?” ಎಂದು ನನ್ನನ್ನು ಕೇಳಿದಳು. ಕೆಲಸ ಜಾಸ್ತಿ, ಬರುತ್ತಾನೆ ಎಂದೆ. ನಿನ್ನ ಪರವಾಗಿ ನಾನು ಆಡುವ ಕೊನೆಯ ಸುಳ್ಳು ಅದು.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಮುಂದಿನ ಸಾಲು ಅಂಚಿಗೆ ಹತ್ತಿರವಾಗಿದ್ದರೆ ಕಲ್ಲು ಎತ್ತ ಹಾರುತ್ತದೆ? ಮುಂದಕ್ಕೆ, ಹೊಂಡದೊಳಕ್ಕೆ. ಊರು ಇರುವುದು ಹಿಂದುಗಡೆ. ಇಷ್ಟು ವರ್ಷ ಸ್ವಿಚ್ ಒತ್ತಿದವನಿಗೆ ಇದು ತಿಳಿಯದೇ? ಸ್ಫೋಟ ಚಿತ್ರಿಸುವ ಕ್ಯಾಮೆರಾದಲ್ಲಿ ಎಲ್ಲ ಇದೆ. ಮುಂದಿನ ಸಾಲು ಎಷ್ಟು ಚೆನ್ನಾಗಿ ಬಿರಿದು ಕೂತಿತೆಂದರೆ, ಕಲ್ಲು ತೋಡುವ ಯಂತ್ರದವರು ಒಂದೇ ಒಂದು ದೊಡ್ಡ ಬಂಡೆ ಸಿಗಲಿಲ್ಲ ಎಂದು ಹೊಗಳಿದರು. ಕಲ್ಲು ಎದ್ದಿದ್ದು ಕೊನೆಯ ಸಾಲಿನ ಕುಳಿಗಳ ಬಾಯಿಂದ, ನೆಟ್ಟಗೆ ಮೇಲಕ್ಕೆ. ಕುಳಿಯ ಬಾಯಿಗೆ ಆಳುದ್ದಕ್ಕಿಂತ ಹೆಚ್ಚು ಜಲ್ಲಿ ತುಂಬಿ ಬಿಗಿಯಬೇಕು ಎಂದು ನಾನು ಬರೆದಿದ್ದೆ. ಅಲ್ಲಿ ಮೊಳದಷ್ಟೂ ಇರಲಿಲ್ಲ. ಜಲ್ಲಿ ಇರಬೇಕಾದ ಜಾಗದಲ್ಲಿ ಮದ್ದು ಇತ್ತು.

ಯಾಕೆ ಇತ್ತು ಎಂಬುದೂ ನನಗೆ ಗೊತ್ತು. ಮಧ್ಯಾಹ್ನದ ಮಳೆಯಿಂದ ಕೆಲಸ ಸಂಜೆಗೆ ಜಾರಿತು. ಗಾಡಿಯಲ್ಲಿ ಮದ್ದು ಉಳಿದಿತ್ತು. ಮದ್ದಿನ ಮನೆಗೆ ವಾಪಸ್ ಒಯ್ದರೆ ಇಫ್ತಾರ್ ತಪ್ಪುತ್ತದೆ. ಇದ್ದಬದ್ದದ್ದನ್ನೆಲ್ಲ ಕೊನೆಯ ಸಾಲಿಗೆ ಸುರಿದು ಗಾಡಿ ಖಾಲಿ ಮಾಡಿಸಿದೆ. ಬೆಂಚಿನ ಮೇಲೆ, ಕುಳಿ ಕೊರೆದ ಆ ಬಂಡೆಯ ಮೆಟ್ಟಿಲಲ್ಲಿ, ನೀನಿದ್ದೆ; ಹೇಳುವವನು ನೀನು. ನಿನ್ನ ಮಾತಿಲ್ಲದೆ ಅಲ್ಲಿ ಒಂದು ಬೊಗಸೆ ಮದ್ದು ಅಲುಗುವುದಿಲ್ಲ.

ಗುರುವಾರಕ್ಕೆ ಮುಂಚೆ ನೀನೇ ಹೋಗಿ ಹೇಳು. ಇಲ್ಲದಿದ್ದರೆ ಎಲ್ಲರೆದುರು ನಾನು ಕೇಳುತ್ತೇನೆ.

ಕಾಗದಪತ್ರಗಳಲ್ಲಿ ಮಾತ್ರ ಇನ್ನೂ ನಿನ್ನ ಹೆಂಡತಿಯಾಗಿರುವ
ಬೆಸ್ಸೆ


ಸ್ಫೋಟದವರ ಶೆಡ್ಡು
ಇಪ್ಪತ್ತನೇ ದಿನ

ನಕ್ಷೆ ಮೇಡಂ ಅವರ ಸನ್ನಿಧಾನಕ್ಕೆ,

ತಮ್ಮ ಹುಕುಂ ತಲುಪಿತು. ಹುಡುಗರ ಮುಂದೆ ಓದಲಿಲ್ಲ. ನನ್ನನ್ನು ನೋಡಿ ನಗಲು ಅವರಿಗೆ ಈಗಾಗಲೇ ಬೇಕಾದಷ್ಟಿದೆ. “ಹೆಂಡ್ತಿ ಚುಕ್ಕಿ ಇಡ್ತಾಳೆ, ಗಂಡ ತೂತು ತುಂಬ್ತಾನೆ” ಎಂದು ಊಟದ ಮನೆಯಲ್ಲಿ ಎಷ್ಟು ದಿನ ಆಡಿಕೊಂಡರು, ನಿನಗೆ ನೆನಪಿರಲಿಕ್ಕಿಲ್ಲ. ನೀನು ಬೇರೆ ಮೇಜಿನಲ್ಲಿ ದೊಡ್ಡವರ ಜೊತೆ ಉಣ್ಣುತ್ತಿದ್ದೆ.

ನೀನು ಚುಕ್ಕಿ ಇಡುವುದು ತಂಪು ಕೋಣೆಯಲ್ಲಿ ಕೂತು. ನಿನ್ನ ನಕ್ಷೆಯಲ್ಲಿ ಮಳೆಯೇ ಬರುವುದಿಲ್ಲ. ಬೆಳಿಗ್ಗೆ ಕೊರೆದ ಕುಳಿ ಮಧ್ಯಾಹ್ನದ ಮಳೆಗೆ ಕುಸಿಯುತ್ತದೆ, ಕೆಸರು ಇಳಿದು ಗಿಡ್ಡವಾಗುತ್ತದೆ. ಗಿಡ್ಡ ಕುಳಿ ಕಡಿಮೆ ಮದ್ದು ಹಿಡಿಯುತ್ತದೆ. ಗಾಡಿ ಮಾತ್ರ ನಿನ್ನ ಕಾಗದದ ಪ್ರಕಾರ ತುಂಬಿಕೊಂಡು ಬರುತ್ತದೆ. ಮಳೆ ಬಂದ ದಿನವೆಲ್ಲ ಮದ್ದು ಉಳಿಯುತ್ತದೆ ಮೇಡಂ, ಪ್ರತಿ ಸಲವೂ. ಒಂದು ದಿನವಾದರೂ ಬೂಟು ಕೆಸರು ಮಾಡಿಕೊಂಡು ಬಂದು ನೋಡಿದ್ದೆಯಾ?

ಉಳಿದದ್ದನ್ನು ಮದ್ದಿನ ಮನೆಗೆ ಒಯ್ಯಬೇಕು ಎನ್ನುತ್ತೀಯ. ಒಯ್ದರೆ ತೂಗುವವನಿಲ್ಲ. ಸಹಿ ಹಾಕಬೇಕಾದ ಪೊಲೀಸಿನವನು ಇಫ್ತಾರಿಗೆ ಎದ್ದು ಹೋಗಿರುತ್ತಾನೆ. ಅವನು ಉಂಡು, ನಮಾಜು ಮುಗಿಸಿ, ಹಲ್ಲು ಚುಚ್ಚಿಕೊಳ್ಳುತ್ತಾ ಬರುವವರೆಗೆ ನನ್ನ ಹುಡುಗರು ಒಣಗಿದ ಗಂಟಲಲ್ಲಿ ಗಾಡಿ ಕಾಯಬೇಕು. ನೀನು ರೋಜಾ ಮಾಡುವುದು ಕುರ್ಚಿಯ ಮೇಲೆ. ಅವರು ಮಾಡುವುದು ಕಾದ ಬಂಡೆಯ ಮೇಲೆ, ಜಲ್ಲಿ ಹೊತ್ತುಕೊಂಡು.

ಹಾಗೆಂದ ಮಾತ್ರಕ್ಕೆ ನಾನು ಏನನ್ನೋ ಒಪ್ಪಿಕೊಂಡೆ ಎಂದುಕೊಳ್ಳಬೇಡ. ಗಾಡಿ ಖಾಲಿಯಾಗಿ ಕೆಳಗಿಳಿಯಿತು, ನನಗೆ ಗೊತ್ತಿರುವುದು ಅಷ್ಟೇ.

ನೀನು ಓದಿದವಳು. ಇಲ್ಲಿ ಆಗದಿದ್ದರೆ ನಿಮ್ಮ ಕಡೆಯ ಮಕಸ್ಸರ್‌ಗೆ ಹೋಗಿ ಪಾಠ ಹೇಳುತ್ತೀಯ. ಮದ್ದು ಸಿಡಿಸುವ ಪರವಾನಗಿ ಕಿತ್ತುಕೊಂಡರೆ ನಾನೇನು ಮಾಡಲಿ, ಹೊಳೆಯಲ್ಲಿ ಮೀನು ಹಿಡಿಯಲೇ? ಮೀನಾದರೂ ಎಲ್ಲಿ ಉಳಿದಿದೆ? ನಮ್ಮೂರಿನಿಂದ ಈ ಗಣಿಯಲ್ಲಿ ದೊಡ್ಡ ಕೆಲಸಕ್ಕೆ ಏರಿದವನು ನಾನೊಬ್ಬನೇ. ನಾನು ಬಿದ್ದರೆ ನನ್ನ ಹಿಂದಿರುವವರೆಲ್ಲ ಬೀಳುತ್ತಾರೆ. ನೀನು ಬಿದ್ದರೆ ನೀನೊಬ್ಬಳೇ. ಲೆಕ್ಕದಲ್ಲಿ ನೀನು ಜಾಣೆಯಲ್ಲವೇ, ಹಾಕಿ ನೋಡು.

ಅಜ್ಜಿಗೆ ಅಕ್ಕಿ, ಸಕ್ಕರೆ ಕಳಿಸಿದ್ದೇನೆ. ನನಗೆ ಬುದ್ಧಿ ಹೇಳಲು ಬರಬೇಡ.

ಮಸ್ರಾನಿ


ಇಂಜಿನಿಯರುಗಳ ವಸತಿ
ಇಪ್ಪತ್ತೇಳನೇ ದಿನ

ಮಸ್ರಾನಿಗೆ,

ನಿನ್ನ ಲೆಕ್ಕ ಹಾಕಿ ನೋಡಿದೆ. ನೀನು ಬೀಳಲಿಲ್ಲ, ನಾನೂ ಬೀಳಲಿಲ್ಲ. ಬಿದ್ದವನು ನಿಮ್ಮ ತಂಡದ ತಮ್ರಿನ್.

ಗುರುವಾರದ ವಿಚಾರಣೆಯಲ್ಲಿ ನೀನೂ ಅಲ್ಲೇ ಕೂತಿದ್ದೆ. ಕ್ಯಾಮೆರಾದ ಚಿತ್ರವನ್ನು ನಿಧಾನವಾಗಿ ಓಡಿಸಿ ತೋರಿಸಿದಾಗ ಸಮರಿಂಡಾದವರು ಒಪ್ಪಿದರು. ನಕ್ಷೆ ಸರಿಯಿದೆ, ಕೊನೆಯ ಸಾಲಿಗೆ ಹೆಚ್ಚು ಮದ್ದು ಬಿದ್ದಿದೆ ಎಂದು ಬರೆದುಕೊಂಡರು. ಯಾರು ಸುರಿದಿದ್ದು ಎಂದು ಕೇಳಿದರು. ನಾನು ನಿನ್ನ ಮುಖ ನೋಡಿದೆ. ಈಗ ಎದ್ದು ನಿಲ್ಲುತ್ತಾನೆ, ಎಷ್ಟಾದರೂ ಮಾನವಂತ ಎಂದುಕೊಂಡೆ. ನಿನ್ನ ಮೇಲೆ ಇನ್ನೂ ಅಷ್ಟು ನಂಬಿಕೆ ಉಳಿದಿತ್ತು ಎಂಬುದಕ್ಕೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಎದ್ದವನು ತಮ್ರಿನ್. “ನಾನೇ ಸಾರ್. ಬೇಗ ಮನೆಗೆ ಹೋಗೋ ಆಸೆಗೆ ಸುರಿದ್ಬಿಟ್ಟೆ. ಮಸ್ರಾನಿ ಅಣ್ಣಂಗೆ ಗೊತ್ತಿರಲಿಲ್ಲ,” ಎಂದ. ತಲೆ ನರೆತ ಮನುಷ್ಯ, ನಿನಗೆ ಅಣ್ಣ ಅನ್ನುತ್ತಾನೆ. ನೀನು ಕೊಡಿಸಿದ ಕೆಲಸವನ್ನು, ಋಣ ತೀರಿಸುವಂತೆ, ನಿನಗೇ ವಾಪಸ್ ಕೊಟ್ಟ.

ನಾನು ಸುಮ್ಮನಿರಲಿಲ್ಲ, ನೀನೇ ನೋಡಿದೆ. ಆ ದಿನ ತಮ್ರಿನ್ ಮಧ್ಯಾಹ್ನದಿಂದಲೂ ಊರಿನ ರಸ್ತೆಯಲ್ಲಿ ಕೆಂಪು ಬಾವುಟ ಹಿಡಿದು ಕಾವಲಿದ್ದ. ನನ್ನ ಜೀಪನ್ನೂ ತಡೆದು, “ಮುಂದೆ ಹೋಗ್ಬೇಡಿ ಮೇಡಂ, ಇನ್ನೇನು ಸೈರನ್ ಆಗುತ್ತೆ” ಎಂದಿದ್ದ. ಬೆಂಚಿಗೂ ಆ ರಸ್ತೆಗೂ ಎಷ್ಟು ದೂರ! ಅದನ್ನೆಲ್ಲ ಹೇಳಿದೆ. ಅವರು ನಿನ್ನನ್ನು ಕೇಳಿದರು. ನೀನು, “ಹೌದು ಸಾರ್, ಮಧ್ಯದಲ್ಲಿ ಒಂದ್ಸಲ ಮೇಲಕ್ಕೆ ಬಂದಿದ್ದ” ಎಂದೆ. ಅಷ್ಟು ಸಾಕಾಯಿತು ಅವರಿಗೆ. ತಮ್ರಿನ್‌ನ ಮದ್ದು ಮುಟ್ಟುವ ಪರವಾನಗಿಯನ್ನು ಅಲ್ಲೇ ತೆಗೆದುಕೊಂಡರು.

ಥೂ ನಿನ್ನ. ಆ ಸಂಜೆ ಕಲ್ಲು ಬಿದ್ದ ಸದ್ದಿಗೆ ಬಾವುಟ ಬಿಸಾಕಿ ಓಡಿದವನು ಅವನು. ಅಜ್ಜಿಯನ್ನು ಹೆಗಲ ಮೇಲೆ ಹೊತ್ತು ನನ್ನ ಜೀಪಿಗೆ ತಂದು ಮಲಗಿಸಿದವನು ಅವನು. ದಾರಿಯುದ್ದಕ್ಕೂ ಅವಳ ಕೈಗೆ ನೀರು ಸುರಿಯುತ್ತಾ, ಉಪವಾಸ ಬಿಡುವ ಬಾಂಗ್ ಕೇಳಿಸಿದರೂ ತಾನೊಂದು ತೊಟ್ಟು ಕುಡಿಯದೆ ಕೂತಿದ್ದ. ನೀನು ಆಗ ಎಲ್ಲಿದ್ದೆ ಎಂದು ಕೇಳುವುದಿಲ್ಲ. ಹಸಿವಾಗಿತ್ತಲ್ಲ, ಪಾಪ.

ನಿನ್ನ ಕಾಗದದಲ್ಲಿ ಒಂದು ಮಾತು ಸರಿಯಿತ್ತು. ನನ್ನ ನಕ್ಷೆಯಲ್ಲಿ ಮಳೆ ಇರಲಿಲ್ಲ. ಈ ಮೂರು ದಿನ ಬೆಂಚಿನ ಮೇಲೆ ನಿಂತು ನೋಡಿದೆ, ಕುಳಿಗಳು ನೀನು ಹೇಳಿದಂತೆಯೇ ಕುಸಿಯುತ್ತವೆ. ತಿದ್ದಿದ್ದೇನೆ. ಇನ್ನು ಮೇಲೆ ಕೊರೆದ ಕುಳಿಗಳಿಗೆ ಮುಚ್ಚಳ ಬೀಳುತ್ತದೆ. ಮಳೆ ನಿಂತ ಮೇಲೆ ಮತ್ತೆ ಆಳ ನೋಡಿ, ಹಿಡಿಯುವಷ್ಟೇ ಮದ್ದು ಗಾಡಿಗೆ ತುಂಬಿಸುವುದು. ಜಲ್ಲಿ ಎಷ್ಟಿದೆ ಎಂದು ಕೋಲು ಇಳಿಸಿ ನೋಡುವವನು ನಿಮ್ಮ ತಂಡದವನಾಗಿರಬಾರದು. ರಂಜಾನಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಮದ್ದು ತುಂಬುವಂತಿಲ್ಲ, ಮಳೆ ಬಂದರೆ ಸ್ಫೋಟ ಮರುದಿನಕ್ಕೆ. ಮಾಲು ಕಡಿಮೆಯಾಗುತ್ತದೆ ಎಂದು ಮುಖ್ಯಸ್ಥರು ಗೊಣಗಿದರು, ಆದರೂ ಸಹಿ ಹಾಕಿದರು. ನಿನಗೆ ಉಪಕಾರವಾಯಿತು ಎಂದು ಮಾತ್ರ ನಾನು ಹೇಳುವುದಿಲ್ಲ. ಮಳೆಯ ಮಾತನ್ನು ಒಂದು ವರ್ಷದ ಹಿಂದೆ ಬಾಯಿಬಿಟ್ಟು ಹೇಳಿದ್ದರೆ ಅಜ್ಜಿಯ ಕೈ ಸುಡುತ್ತಿರಲಿಲ್ಲ. ಹೆಂಡತಿಯ ನಕ್ಷೆ ಹಾಳಾಗಲಿ ಎಂದು ಒಳಗೊಳಗೇ ಕಾಯುತ್ತಿದ್ದೆ.

ಉಪವಾಸ ಮುಗಿಯುವ ಲೆಬಾರಾನ್ ಹಬ್ಬಕ್ಕೆ ನಿನ್ನ ತಾಯಿಯ ಮನೆಗೆ ಬರುವುದಿಲ್ಲ. ವಾಡಿಕೆಯಂತೆ ಎಲ್ಲರ ಮುಂದೆ ನಿನ್ನ ಕೈ ಹಿಡಿದು ಕ್ಷಮೆ ಕೇಳಿ, ಕ್ಷಮಿಸಿದೆ ಎಂದು ನಾಟಕ ಆಡಲು ನನ್ನಿಂದಾಗದು. ಹಬ್ಬ ಕಳೆದ ಮೇಲೆ ನಮ್ಮಿಬ್ಬರ ಕಾಗದಪತ್ರವನ್ನೂ ಮುಗಿಸಿಬಿಡೋಣ.

ಬೆಸ್ಸೆ

ಮರೆತಿದ್ದೆ: ಇನ್ನೊಂದು ಬದಲಾವಣೆಗೂ ಸಹಿ ಬಿದ್ದಿದೆ. ಇನ್ನು ಮೇಲೆ ಸ್ವಿಚ್ ಒತ್ತುವವನು ಗುಡ್ಡದ ಮೇಲಿನ ಕಾಂಕ್ರೀಟ್ ಗೂಡಿನಲ್ಲಿ ಕೂರುವಂತಿಲ್ಲ. ಊರಿನಲ್ಲಿ ಗಣಿಗೆ ತೀರಾ ಹತ್ತಿರದ ಮನೆಯ ಅಂಗಳದಲ್ಲಿ, ಆ ಮನೆಯವರ ಜೊತೆ ಕೂತು ಒತ್ತಬೇಕು. ಕಲ್ಲು ಬರುವುದಾದರೆ ಅವನ ತಲೆಯ ಮೇಲೂ ಬರಲಿ ಎಂದು ನಾನೇ ಬರೆದೆ. ಹತ್ತಿರದ ಮನೆ ಜಮ್ರಾ ಅಜ್ಜಿಯದು, ಒತ್ತುವವನು ನೀನು. ನಿನ್ನೆ ಹೋಗಿ ಅವಳಿಗೆ ತಿಳಿಸಿದೆ. “ನಮ್ ಮಸ್ರಾನಿ ತಾನೆ? ಬರ್ಲಿ ಬರ್ಲಿ, ಎಡಗೈಲಾದ್ರೂ ಚಹಾ ಮಾಡ್ಕೊಡ್ತೀನಿ,” ಎಂದಳು. ಆಮೇಲೆ ದನಿ ತಗ್ಗಿಸಿ, “ಆ ಮದ್ದು ಸುರಿದ ತಮ್ರಿನ್‌ನ ಮಾತ್ರ ನನ್ ಅಂಗಳಕ್ಕೆ ಕಾಲಿಡಿಸಬೇಡಿ ಕಣವ್ವಾ, ಅವನ ಕೈ ಬಿದ್ದೋಗ,” ಎಂದಳು. ನಾನು ನಿಜ ಹೇಳಲಿಲ್ಲ. ಅವಳ ಚಹಾ ಕುಡಿಯುವವನು ನೀನು, ನೀನೇ ಹೇಳು.