ಪಕ್ಕದ ಸೀಟಿನ ಬ್ರೇಕು

ಫೆಬ್ರವರಿ 4, ಬೆಳಿಗ್ಗೆ

ಮೊದಲ ಪಾಠಕ್ಕೆ ಇನ್ನೂ ಹೊತ್ತಿದೆ. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ತಲೆಯ ಮೇಲೆ ನಮ್ಮ ಡ್ರೈವಿಂಗ್ ಸ್ಕೂಲಿನ ಬೋರ್ಡು, ಕಾಲ ಕೆಳಗೆ ನನ್ನ ಬ್ರೇಕು. ಕಲಿಯುವವರಿಗೆ ಒಂದು, ಪಕ್ಕದ ಸೀಟಿನಲ್ಲಿ ನನಗೊಂದು. ಇಷ್ಟು ವರ್ಷ ಇದನ್ನು ನಂಬಿಯೇ ಅನ್ನ ತಿಂದಿದ್ದೇನೆ.

ಇವರಿಗೆ ಎಲೆಕ್ಟ್ರಿಕ್ ಕಾರಿನ ಹುಚ್ಚು ಹಿಡಿದು ತಿಂಗಳಾಯಿತು. ಸಾಧಾರಣದ್ದಲ್ಲ, ರೇಸಿಗೆ ಬಿಡುವಂಥದು. ಮೂರು ಸೆಕೆಂಡಿಗೆ ನೂರು ಮುಟ್ಟುತ್ತದಂತೆ. ತಾವು ಓಡಿಸುವುದಕ್ಕಲ್ಲ. ಮದುವೆಯಾದ ಹೊಸತರಲ್ಲಿ ನಾನೇ ಇವರಿಗೆ ಕಲಿಸಲು ಹೋಗಿ, ಸಂಸಾರ ಉಳಿದರೆ ಸಾಕು ಎಂದು ಇಬ್ಬರೂ ಕೈಬಿಟ್ಟೆವು. ಕಾರು ನನಗಂತೆ.

"ಬೇರೆಯವರು ಓಡಿಸೋದು ನೋಡ್ಕೊಂಡು ಪಕ್ಕದಲ್ಲೇ ಕೂತು ಕೂತು ಸವೆದೆ ನೀನು. ಇನ್ನು ನೀನು ಓಡಿಸು. ಪಕ್ಕದಲ್ಲಿ ನಾನು ಕೂರ್ತೀನಿ" ಅಂದರು.

ಕನ್ನಡಕದಂಗಡಿ ಇಟ್ಟುಕೊಂಡ ಇವರ ಬಾಯಲ್ಲಿ ಇಂಥ ಮಾತು! ಕಣ್ಣು ತುಂಬಿತು. ಆಮೇಲೆ ಭಯವಾಯಿತು. ಯಾಕೆ ಎಂದು ಬರೆಯಲು ಧೈರ್ಯ ಸಾಲದು.

ಮೊದಲ ಪಾಠದ ದರ್ಜಿಯಮ್ಮ ಬಂದಳು.

ಫೆಬ್ರವರಿ 5

ಬರೆದೇ ಬಿಡುತ್ತೇನೆ. ಇದನ್ನು ಓದುವವರು ಯಾರಿದ್ದಾರೆ.

ನಾನು ನಡುನಡುವೆ ಇಲ್ಲವಾಗುತ್ತೇನೆ. ತಲೆಸುತ್ತಲ್ಲ, ಬೀಳುವುದಿಲ್ಲ, ನೋವಿಲ್ಲ. ಕುಕ್ಕರಿನ ಮೊದಲ ಸೀಟಿ ಕೇಳುತ್ತದೆ, ಮುಂದಿನದು ನಾಲ್ಕನೆಯದು. ನಡುವಿನದನ್ನು ಯಾರೋ ಕತ್ತರಿಸಿಕೊಂಡು ಹೋಗಿರುತ್ತಾರೆ. ಮಳೆಗಾಲದಿಂದ ಶುರು. ವಾರಕ್ಕೊಮ್ಮೆ ಇದ್ದದ್ದು ಈಗ ಹೆಚ್ಚಾಗಿದೆ.

ಯಾರಿಗೂ ಗೊತ್ತಿಲ್ಲ. ಮೊದಲಿಂದಲೂ ನನ್ನದು ಮಾತು ಕಡಿಮೆ. ಪಾಠದಲ್ಲಂತೂ ಬಾಯಿಗೆ ಬೀಗ, ಅದೇ ನನ್ನ ಪದ್ಧತಿ. ಕೂಗಾಡಿದರೆ ಕಲಿಯುವವರು ರಸ್ತೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ಹಾಗಾಗಿ ನಾನು ಸುಮ್ಮನಾದರೆ ಎಲ್ಲರೂ ಅದನ್ನೂ ಪಾಠ ಎಂದುಕೊಳ್ಳುತ್ತಾರೆ.

ಫೆಬ್ರವರಿ 9, ಮಧ್ಯಾಹ್ನ

ಇವರ ಬಾಯಿ ಮುಚ್ಚಿಸಲು ಲೆಕ್ಕ ಹಾಕುತ್ತಿದ್ದೇನೆ. ಬೇಡ ಅನ್ನಲು ಕಾರಣಗಳು ಬೇಕು — ನಿಜವಾದ ಕಾರಣ ಬಿಟ್ಟು.

ದುಬಾರಿ. ಟೈರು ಬೇಗ ಸವೆಯುತ್ತದಂತೆ, ಅಷ್ಟು ಭಾರ, ಅಷ್ಟು ಜೋರು. ಬ್ಯಾಟರಿ ಕೈಕೊಟ್ಟರೆ ಮನೆ ಮಾರಬೇಕು. ಇನ್ಶೂರೆನ್ಸಿನವರು ಹೆಸರು ಕೇಳಿದ ತಕ್ಷಣ ಮೂಗು ಮುರಿಯುತ್ತಾರೆ. ಬೇಕು ಅನ್ನಲೂ ಕಾರಣಗಳಿವೆ, ಸುಳ್ಳು ಯಾಕೆ ಹೇಳಲಿ. ಪೆಟ್ರೋಲಿಲ್ಲ. ಸದ್ದಿಲ್ಲ. ಗೇರು, ಕ್ಲಚ್ಚಿನ ಕಾಟವಿಲ್ಲ; ಪೆಡಲಿನಿಂದ ಕಾಲೆತ್ತಿದರೆ ತಾನೇ ನಿಧಾನವಾಗುತ್ತದೆ. ಓವರ್‌ಟೇಕ್ ಮಾಡುವಾಗ ಉಸಿರು ಬಿಗಿಹಿಡಿದು ದೇವರನ್ನು ನೆನೆಯಬೇಕಿಲ್ಲ. ಚಾರ್ಜ್ ಮಾಡಲು ಹೊರಗೋಡೆಗೆ ಒಂದು ಪೆಟ್ಟಿಗೆ ಕೂರಿಸಬೇಕು, ಅದಕ್ಕೆ ಬೇರೆ ವೈರು ಎಳೆಸಬೇಕು, ಅದಕ್ಕೆ…

ಈಗ ನೋಡಿದೆ. ಪೆನ್ನು ಊರಿದ ಜಾಗದಲ್ಲೇ ಇದೆ. ಮಸಿ ಇಳಿದು ಇಳಿದು ಹಿಂದಿನ ಹಾಳೆಗೂ ಹೋಗಿದೆ. ಟೀ ತಣ್ಣಗಾಗಿದೆ.

ಅಮ್ಮಾ.

ಫೆಬ್ರವರಿ 12

ಡಾಕ್ಟರ ಹತ್ತಿರ ಹೋಗಿದ್ದೆ. ಕುರ್ಚಿಯಲ್ಲಿ ಕೂತದ್ದೇ ಧೈರ್ಯ ಉದುರಿಹೋಯಿತು. "ನನ್ನ ಗೆಳತಿಗೆ ಹೀಗಾಗುತ್ತೆ" ಅಂದೆ. ಡಾಕ್ಟರು ನನ್ನನ್ನು ಒಂದು ಕ್ಷಣ ನೋಡಿದರು.

"ಇದು ಮಾತ್ರೆಗೆ ಬಗ್ಗೋದೇ ಹೆಚ್ಚು. ಕರ್ಕೊಂಡು ಬನ್ನಿ, ತಲೆದು ಒಂದು ಟೆಸ್ಟ್ ಮಾಡೋಣ. ಗಾಡಿ ಓಡಿಸ್ತಾರಾ?"

"ಇಲ್ಲ ಇಲ್ಲ."

"ಒಳ್ಳೇದಾಯ್ತು. ಓಡಿಸ್ತಿದ್ರೆ ಇವತ್ತೇ ಕೀ ಕಿತ್ಕೊಳ್ಳಿ ಅಂತಿದ್ದೆ. ಎಷ್ಟು ದಿನ ಅಂತ ಆಮೇಲೆ ಹೇಳ್ತಿದ್ದೆ. ಒಬ್ಬೊಬ್ಬರಿಗೆ ಮತ್ತೆ ಕೊಡೋದೇ ಇಲ್ಲ."

ಮತ್ತೆ ಕೊಡೋದೇ ಇಲ್ಲ. ಹೊರಗೆ ಬಂದು ಸ್ಕೂಲಿನ ಕಾರನ್ನು ಓಡಿಸಿಕೊಂಡೇ ಮನೆಗೆ ಬಂದೆ. ಓಡಿಸುವುದೊಂದು ಬಿಟ್ಟರೆ ನನಗೆ ಬೇರೇನು ಬರುತ್ತದೆ? ಉಪ್ಪಿಟ್ಟು ಕೂಡ ಇವರೇ ಚೆನ್ನಾಗಿ ಮಾಡುತ್ತಾರೆ.

ಫೆಬ್ರವರಿ 16, ಭಾನುವಾರ

ಟೆಸ್ಟ್ ಡ್ರೈವ್. ತಪ್ಪಿಸಿಕೊಳ್ಳಲು ಆಗಲಿಲ್ಲ. ಇವರು ಹೊಸ ಅಂಗಿ ಹಾಕಿಕೊಂಡು ಮದುವೆಗೆ ಹೊರಟವರಂತೆ ನಿಂತಿದ್ದರು.

ಹೆದರಿಕೆಯ ನಡುವೆಯೂ ಒಂದು ಮಾತು ಬರೆದಿಡುತ್ತೇನೆ: ಖುಷಿಯಾಯಿತು. ಖಾಲಿ ರಸ್ತೆಯಲ್ಲಿ ಒಮ್ಮೆ ಒತ್ತಿದೆ. ಹೊಟ್ಟೆ ಹಿಂದೆಯೇ ಉಳಿಯಿತು. ಇವರು "ಅಯ್ಯಯ್ಯಯ್ಯೋ" ಎಂದು ಹ್ಯಾಂಡಲ್ ಹಿಡಿದುಕೊಂಡರು. ನಾನು ಗಟ್ಟಿಯಾಗಿ ನಕ್ಕೆ. ಇಷ್ಟು ವರ್ಷ ಇಪ್ಪತ್ತರಲ್ಲಿ, ಮೂವತ್ತರಲ್ಲಿ ತೆವಳಿಸಿದ ಕಾಲು ನನ್ನದು.

ವಾಪಸ್ಸು ಬರುವಾಗ ಸಿಗ್ನಲ್ಲು ಕೆಂಪಾಯಿತು. ಮುಂದೆ ಹಾಲಿನ ವ್ಯಾನು. ಕಾಲೆತ್ತಿದೆ. ಅಷ್ಟೇ ನೆನಪು.

ಕಿವಿಯಲ್ಲಿ ಟೀಂ ಟೀಂ ಟೀಂ. ಸ್ಟೀರಿಂಗಿನ ಮೇಲಿನ ಪರದೆಯಲ್ಲಿ ಕೆಂಪು ಅಕ್ಷರ: ರಸ್ತೆ ನೋಡಿ. ವ್ಯಾನಿನ ಹಿಂದೆ ಕಾರು ತಾನೇ ನಿಂತಿತ್ತು.

"ನೋಡಿದ್ರಾ ಸರ್! ಮೇಡಂ ಬೇಕಂತಲೇ ಬ್ರೇಕ್ ಹಾಕಲಿಲ್ಲ, ಟೆಸ್ಟ್ ಮಾಡಿದ್ರು!" ಅಂದ ಹಿಂದಿನ ಸೀಟಿನಿಂದ ಸೇಲ್ಸ್‌ಮನ್ನು. "ಕಣ್ಣನ್ನ ನೋಡೋಕೆ ಕ್ಯಾಮೆರಾ ಇದೆ. ಸ್ವಲ್ಪ ಜಾಸ್ತಿನೇ ಸೂಕ್ಷ್ಮ."

"ನಮ್ಮಾಕೆ ಹತ್ತಿರ ಇದರ ಆಟ ನಡೆಯಲ್ಲಪ್ಪ" ಅಂದರು ಇವರು, ಹೆಮ್ಮೆಯಿಂದ.

ಬೆವರು ಒರೆಸಿಕೊಂಡೆ. ಇಷ್ಟು ತಿಂಗಳಲ್ಲಿ ನನ್ನ ಗುಟ್ಟು ಹಿಡಿದದ್ದು ಅದೊಂದೇ, ಆ ಕಾರು.

ಫೆಬ್ರವರಿ 17

ಒಂದು ಕೆಟ್ಟ ಆಸೆ ಹುಟ್ಟಿದೆ. ಕಾರು ನನ್ನನ್ನು ಕಾಯುತ್ತದಲ್ಲ? ನಾನು ಇಲ್ಲವಾದಾಗ ಅದು ಇರುತ್ತದೆ. ಪಕ್ಕದ ಸೀಟಿನಲ್ಲಿ ನಾನು ಇನ್ನೊಬ್ಬರಿಗೆ ಬ್ರೇಕು ಒತ್ತಿದಂತೆ, ಅದು ನನಗೆ ಒತ್ತುತ್ತದೆ. ಟೆಸ್ಟು ಬೇಡ, ಡಾಕ್ಟರು ಬೇಡ, ಕೀ ಕೊಡುವುದು ಬೇಡ.

ಸೇಲ್ಸ್‌ಮನ್ನಿಗೆ ಫೋನು ಮಾಡಿ, ಸುಮ್ಮನೆ ಕೇಳುವವಳಂತೆ ಕೇಳಿದೆ. ಡ್ರೈವರ್ ಕಾಲು ಪೆಡಲಿನ ಮೇಲೇ ಇದ್ದರೆ? "ಒತ್ತಿಕೊಂಡೇ ಇದ್ರೆ ಡ್ರೈವರ್ ಹೇಳಿದ್ದೇ ಫೈನಲ್ ಮೇಡಂ. ಬೇಕಂತ ಒತ್ತಿದಾರೆ ಅಂದ್ಕೊಳ್ಳುತ್ತೆ. ಪವರ್ ಪೂರ್ತಿ ಸಿಗುತ್ತೆ, ಚಿಂತೆ ಮಾಡಬೇಡಿ!"

ಹಾಗಾದರೆ ಎಲ್ಲ ನಿಂತಿರುವುದು ಒಂದರ ಮೇಲೆ. ನಾನು ಇಲ್ಲದಾಗ ನನ್ನ ಕಾಲು ಏನು ಮಾಡುತ್ತದೆ? ಸಡಿಲವಾಗುತ್ತದೋ, ಒತ್ತಿಕೊಂಡೇ ಇರುತ್ತದೋ? ನೋಡೋಣವೆಂದರೆ ಆಗ ನಾನೇ ಇರುವುದಿಲ್ಲ. ಯಾರನ್ನು ಕೇಳಲಿ?

ಫೆಬ್ರವರಿ 20

ದರ್ಜಿಯಮ್ಮನಿಗೆ ಪಾಠ. ಈಕೆಗೆ ಪೆಡಲೆಂದರೆ ಹೊಲಿಗೆ ಮಿಷಿನ್ನೇ. ಎರಡು ವಾರ ಆಕ್ಸಲರೇಟರನ್ನು ತುಳಿದು ತುಳಿದು ಕಾರನ್ನು ಕುಣಿಸಿದಳು. ಈಗ ಕೈ ಕುದುರಿದೆ. ಮಾರ್ಕೆಟ್ಟಿನ ಹಿಂದಿನ ರಸ್ತೆಗೆ ತಿರುಗಿಸಿ ಅಂದೆ. ತಿರುಗಿಸಿದಳು.

ಆಮೇಲೆ ಕಾರು ನಿಂತಿತ್ತು. ಬಾನೆಟ್ಟಿನ ಮುಂದೆ ಒಬ್ಬ ಮುದುಕರು ಬಗ್ಗಿ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುತ್ತಿದ್ದರು. ನಮ್ಮನ್ನು ನೋಡಿರಲೂ ಇಲ್ಲ. ಒಂದು ಮೊಳ ದೂರ, ಹೆಚ್ಚೆಂದರೆ. ದರ್ಜಿಯಮ್ಮ ನನ್ನ ಕಡೆ ತಿರುಗಿದಳು.

"ನೀವು ಒತ್ತಲಿಲ್ಲ ಮೇಡಂ" ಅಂದಳು.

ನನ್ನ ಕಾಲು ನನ್ನ ಬ್ರೇಕಿನ ಮೇಲೆಯೇ ಇತ್ತು. ಒತ್ತಿರಲಿಲ್ಲ.

"ನಾನೇ ಒತ್ತಿದೆ. ಸೂಜಿ ಬೆರಳ ಹತ್ರ ಬಂದಾಗ ಕಾಲು ತಾನೇ ನಿಲ್ಲಲ್ವಾ, ಹಾಗೆ ನಿಂತೋಯ್ತು."

ಚೆನ್ನಾಗಿ ಮಾಡಿದಿರಿ, ಅಂದೆ. ದೇವರೇ. ಹಾಗಂದೆ.

ಮಾರ್ಚ್ 11

ಇಷ್ಟು ದಿನ ಏನೂ ಬರೆಯಲಿಲ್ಲ. ಕಣ್ಣು ಮುಚ್ಚಿದರೆ ಆ ಚಪ್ಪಲಿ.

ಪಾಠ ನಿಲ್ಲಿಸಿದ್ದೇನೆ. ಕ್ಲಚ್ಚು ಹೋಗಿದೆ ಎಂದು ಸುಳ್ಳು ಹೇಳಿ ಸ್ಕೂಲಿನ ಕಾರನ್ನು ಶೆಡ್ಡಿಗೆ ಹಾಕಿದೆ. ಸುಳ್ಳು ತಿರುಗಿ ನನ್ನ ಕುತ್ತಿಗೆಗೇ ಬಂತು. "ಹಳೇ ಗಾಡಿ ಕಥೆ ಮುಗೀತು ಅಂತಾಯ್ತು" ಎಂದು ಇವರು ಹೋಗಿ ಬುಕ್ ಮಾಡಿಯೇ ಬಂದಿದ್ದಾರೆ. ಶನಿವಾರ ಡೆಲಿವರಿ. ಬಣ್ಣ ಕಡುನೀಲಿ. ಮೊದಲ ರೌಂಡಿಗೆ ಮೊಮ್ಮಗಳು ಪುಟ್ಟಿಯೂ ಬರುತ್ತಾಳಂತೆ. ಮಗಳಿಗೆ ಬೆಳಗಿನ ಪಾಳಿ, ಸೋಮವಾರದಿಂದ ಪುಟ್ಟಿಯನ್ನು ಸ್ಕೂಲಿಗೆ ಬಿಡುವುದೂ ನಾನೇ ಅಂತೆ. ಅಪ್ಪ ಮಗಳು ಕೂತು ಎಲ್ಲ ತೀರ್ಮಾನಿಸಿದ್ದಾರೆ.

"ಅಮ್ಮ ಓಡಿಸಿದ್ರೆ ನನಗೆ ನಿಶ್ಚಿಂತೆ" ಅಂದಳು ಮಗಳು.

ಉಣ್ಣುತ್ತಿದ್ದವಳು ತಟ್ಟೆ ಸರಿಸಿದೆ. ಇವರು ನೀರು ಕೊಟ್ಟು ಬೆನ್ನು ಸವರಿದರು. ಆಗಲೇ ಹೇಳಬಹುದಿತ್ತು.

ಮಾರ್ಚ್ 13

ದರ್ಜಿಯಮ್ಮ ಬಂದಿದ್ದಳು. ಲೈಸೆನ್ಸ್ ಸಿಕ್ಕಿದೆ. ಹೊಸ ಕಾರಿನ ಸುದ್ದಿ ಇವರ ಅಂಗಡಿಯಲ್ಲಿ ತಿಳಿದು, ಬೆನ್ನಿಗೆ ಒಂದು ದಿಂಬು ಹೊಲಿದು ತಂದಿದ್ದಾಳೆ. ಅಂಚಿಗೆಲ್ಲ ಸಣ್ಣ ಸಣ್ಣ ಹೊಲಿಗೆ, ಎಷ್ಟು ಅಂದ.

"ಆ ದಿನ ನೀವು ಒತ್ತಿಬಿಟ್ಟಿದ್ರೆ ನಾನು ಈ ಜನ್ಮದಲ್ಲಿ ಕಲೀತಿರಲಿಲ್ಲ. ಅಷ್ಟು ನಂಬಿದ್ರಲ್ಲ ನನ್ನ!"

ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಹಿಂದೆ ಸರಿದೆ. ಆ ಕಾಲಿಗೆ ನಮಸ್ಕಾರ ಬೇಡ ಎಂದು ಹೇಗೆ ಹೇಳಲಿ? ದಿಂಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮಾರ್ಚ್ 14, ಸಂಜೆ

ನಾಳೆ ಕಾರು ಬರುತ್ತದೆ.

ಪುಟ್ಟಿ ಇಲ್ಲಿಯೇ ಇದ್ದಾಳೆ. ಮಗ್ಗಿ ಬರೆಯುತ್ತಿದ್ದವಳು ತಲೆಯೆತ್ತಿ, "ಅಜ್ಜಿ, ಸ್ಟ್ಯಾಚ್ಯೂ ಆಟದಲ್ಲಿ ನೀನೇ ಯಾವಾಗ್ಲೂ ಯಾಕೆ ಗೆಲ್ತೀಯ?" ಅಂದಳು.

ನಾವು ಯಾವಾಗ ಆಡಿದೆವು ಪುಟ್ಟಿ, ಅಂದೆ.

"ಬೆಳಿಗ್ಗೆ ಆಡಿದ್ವಲ್ಲ! ನಾನು ಸ್ಟ್ಯಾಚ್ಯೂ ಅನ್ನೋಕೆ ಮುಂಚೆನೇ ನೀನು ಆಗ್ಬಿಡ್ತೀಯ. ನಾನು ಎಷ್ಟು ನಗಿಸಿದ್ರೂ ನಗಲ್ಲ. ನೀರು ಬಗ್ಗಿಸ್ತಿದ್ಯಲ್ಲ, ಲೋಟ ತುಂಬಿ ನೆಲಕ್ಕೆಲ್ಲ ಹೋಯ್ತು, ಆದ್ರೂ ಜಗ್ಗು ಬಿಡಲಿಲ್ಲ. ನಾನು ನಿನ್ನ ಬೆರಳು ಎಳೆದೆ. ಗಟ್ಟಿ ಹಿಡ್ಕೊಂಡಿದ್ದೆ."

ಅಡುಗೆಮನೆಯ ನೆಲ ಒದ್ದೆಯಾಗಿದ್ದದ್ದು ನೆನಪಿದೆ. ಸಿಂಕು ಸೋರುತ್ತಿದೆ ಎಂದು ಪ್ಲಂಬರಿಗೆ ಫೋನು ಮಾಡಿಸಿದ್ದೆ.

ಈ ಹಾಳೆಗಳನ್ನು ಹಿಂದಕ್ಕೆ ತಿರುವಿದೆ. ಫೆಬ್ರವರಿ 9ರ ಮಸಿಯ ಕಲೆ. ಪೆನ್ನನ್ನೂ ಬಿಟ್ಟಿರಲಿಲ್ಲ ನಾನು.

ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ನಾನು ಇಲ್ಲವಾದಾಗ ಏನು ಮಾಡುತ್ತಿದ್ದೆನೋ ಅದನ್ನೇ ಬಿಡದೆ ಮಾಡುತ್ತಿರುತ್ತೇನೆ. ಕಾಲು ಎತ್ತಿದ್ದರೆ ಎತ್ತಿರುತ್ತದೆ. ಒತ್ತಿದ್ದರೆ…

ಹೆದರಿಕೆ.

ಮಾರ್ಚ್ 15, ಶನಿವಾರ, ಬೆಳಿಗ್ಗೆ

ಬಂತು. ಗೇಟಿನ ಮುಂದೆ ನಿಂತಿದೆ. ಸುಂದರವಾಗಿದೆ, ಹಾಳಾದ್ದು.

ರಾತ್ರಿಯೇ ಹೇಳುತ್ತೇನೆಂದಿದ್ದೆ. ಇವರು ಮಲಗುವ ಮುನ್ನ ಎರಡು ಸಲ "ನಾಳೆ ಎಷ್ಟೊತ್ತಿಗೆ ಹೊರಡೋಣ" ಅಂದರು. ದೀಪ ಆರಿಸಿ ಮಲಗಿಬಿಟ್ಟೆ. ಈಗ ಕೀ ನನ್ನ ಕೈಯಲ್ಲಿದೆ. ಪರ್ಸು ತರುತ್ತೇನೆಂದು ಒಳಗೆ ಬಂದು ಬಾಗಿಲು ಹಾಕಿಕೊಂಡಿದ್ದೇನೆ. ಕಿಟಕಿಯಿಂದ ಎಲ್ಲ ಕಾಣುತ್ತದೆ. ಇವರು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು ಕಾಯುತ್ತಿದ್ದಾರೆ. ಅವರ ಕಾಲ ಕೆಳಗೆ ಬ್ರೇಕಿಲ್ಲ. ಬರೀ ಕಾರ್ಪೆಟ್ಟು.

ಪುಟ್ಟಿ ಹಿಂದಿನ ಗಾಜು ಇಳಿಸಿ ಕೂಗುತ್ತಿದ್ದಾಳೆ. "ಅಜ್ಜೀ, ಬೇಗ ಬಾ! ಕಾರಲ್ಲಿ ಸ್ಟ್ಯಾಚ್ಯೂ ಆಡ್ಬಾರ್ದು, ಆಯ್ತಾ?"

ಲೈಸೆನ್ಸನ್ನು ಪರ್ಸಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಕೀಯನ್ನೂ ಇಟ್ಟೆ. ಕಿಟಕಿ ತೆಗೆದು ಇವರನ್ನು ಕರೆದೆ. ನೀವೊಬ್ಬರೇ ಒಳಗೆ ಬನ್ನಿ ಅಂದೆ. ಬೆಲ್ಟ್ ಬಿಚ್ಚುತ್ತಿದ್ದಾರೆ. ಬರುತ್ತಿದ್ದಾರೆ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ ಸದ್ದು.

"ಏನಾಯ್ತೇ?" ಅನ್ನುತ್ತಿದ್ದಾರೆ ಬಾಗಿಲ ಆಚೆಯಿಂದ.

ಏನಿಲ್ಲ ಅನ್ನಬಾರದು. ಈ ಸಲ ಏನಿಲ್ಲ ಅನ್ನಬಾ…